ಗಿನಿಪಿಗ್ ಸಾಕಿದವರ ಗಮನಕ್ಕೆ: ಬಿಡದ ಉಸಿರಿನ ಸೋಂಕು

ಎಲ್ಲರಿಗೂ ನಮಸ್ಕಾರ. ಚಳಿ ಶುರುವಾದಾಗಿನಿಂದ ಜಯನಗರದ ನಮ್ಮ ಮನೆಯ ಗಿನಿಪಿಗ್ ಪುಟ್ಟಿಗೆ ಉಸಿರಿನ ಸೋಂಕು. 10 ದಿನ ಔಷಧಿ ಕೊಟ್ಟೆವು, ಸೀನು ನಿಂತಿತು, ಆದರೆ ಔಷಧಿ ಮುಗಿದ ಐದೇ ದಿನಕ್ಕೆ ಮತ್ತೆ ಎದೆಯಲ್ಲಿ ಕ್ಲಿಕ್ ಕ್ಲಿಕ್ ಸದ್ದು, ಮೂಗು ಒರೆಸಿ ಒರೆಸಿ ಮುಂಗಾಲಿನ ಕೂದಲೆಲ್ಲ ಅಂಟಂಟು. ಈ ಸಲ ಡಾಕ್ಟರು ಮೂಗಿನ ಸ್ವಾಬ್ ತೆಗೆದು ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಔಷಧಿ ಬದಲಿಸಿದರು, ಜೊತೆಗೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್. ಈಗ ಪರವಾಗಿಲ್ಲ.

ದಯವಿಟ್ಟು ಮನೆಯಲ್ಲಿರುವ ಅಮಾಕ್ಸಿಸಿಲಿನ್ ಆಂಟಿಬಯಾಟಿಕ್ ಮಾತ್ರ ಬಾಯಿಗೆ ಹಾಕಬೇಡಿ! ಗಿನಿಪಿಗ್ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಪ್ರಾಣಕ್ಕೇ ಕುತ್ತು ಬರುತ್ತದೆ. ಸೀನು ನಿಂತಿತು ಅಂತ ಕೋರ್ಸ್ ಅರ್ಧಕ್ಕೆ ಬಿಡಬೇಡಿ.

ಮೂಗು ಕಟ್ಟಿದರೆ ಅವು ಊಟ ಬಿಡುತ್ತವೆ, ಅದೇ ಜಾಸ್ತಿ ಅಪಾಯ. ನಾವು ಪೆಲೆಟ್ (ಗಿನಿಪಿಗ್‌ನ ಒಣ ಆಹಾರದ ಉಂಡೆ) ನೆನೆಸಿ, ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಟ್ಟೆವು, ರಾತ್ರಿ ಕೂಡ. ದಿನಾ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ, ಬರೆದಿಡಿ. ವಿಟಮಿನ್ ಸಿ ಅವುಗಳ ದೇಹದಲ್ಲಿ ತಯಾರಾಗುವುದಿಲ್ಲ, ನಮ್ಮ ಹಾಗೇ ಅಲ್ವಾ, ಅದಕ್ಕೇ ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೊಡಿ.

ಮೊಲ, ನಾಯಿ ಇದ್ದರೆ ದೂರ ಇಡಿ. ಅವುಗಳಿಗೆ ಏನೂ ಆಗದಿದ್ದರೂ ಉಸಿರಿನ ಸೋಂಕು ತರುವ ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಅವುಗಳಿಂದ ಗಿನಿಪಿಗ್‌ಗೆ ಹರಡಬಹುದು. ಗಿನಿಪಿಗ್ ಬಾಯಿ ತೆರೆದು ಉಸಿರಾಡಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಡಾಕ್ಟರ ಹತ್ತಿರ ಹೊರಡಿ.