ಲೋಕಲ್‌ನಲ್ಲಿ ರಿಬ್ಬನ್ ಹೊಲಿದುಕೊಟ್ಟ ಅಕ್ಕನಿಗೆ

ಭಾನುವಾರ ಡೊಂಬಿವಲಿಯಿಂದ ದಾದರ್‌ಗೆ ಹೊರಟ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾ ಕೂತಿದ್ದ ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಮಗಳ ಬ್ಯಾಲೆ ಕಾರ್ಯಕ್ರಮಕ್ಕೆ ಎರಡು ಗಂಟೆ ಇತ್ತು. ಚೀಲ ತೆಗೆದರೆ, ಬೆರಳ ತುದಿಯಲ್ಲಿ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂವಿನ ರಿಬ್ಬನ್ ಕಿತ್ತುಬಂದಿತ್ತು. ಅವಳ ಕಣ್ಣಲ್ಲಿ ಆಗಲೇ ನೀರು.

"ತಾ ಇಲ್ಲಿ ತಂಗಿ" ಎಂದು ಶೂ ಇಸಿದುಕೊಂಡಿರಿ. ತುದಿ ತಟ್ಟಿ, "ಒಳಗ ಕಟ್ಟಿಗಿ ಐತೇನು?" ಅಂದಿರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಮರ ಅಲ್ಲ, ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಗಟ್ಟಿಯಾಗಿರುವುದು. ಬೆವರಿಗೆ ಮೆತ್ತಗಾಗುತ್ತದೆ. ದೊಡ್ಡ ಕಲಾವಿದರಿಗೆ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಮುಗಿಯುವುದೂ ಉಂಟು. 1832ರಲ್ಲಿ ಪ್ಯಾರಿಸ್‌ನಲ್ಲಿ ಬ್ಯಾಲೆ ಕಲಾವಿದೆ ಮರೀ ತಾಲ್ಯೋನಿ ಬೆರಳ ತುದಿಯಲ್ಲಿ ಕುಣಿದಾಗ ಇಷ್ಟೂ ಇರಲಿಲ್ಲ, ಮೆತ್ತನೆ ಸ್ಯಾಟಿನ್ ಶೂಗೆ ದಾರದ ಹೊಲಿಗೆಯೇ ಆಸರೆ.

ಠಾಣೆ ದಾಟುವಷ್ಟರಲ್ಲಿ ನಿಮ್ಮ ಕೆಲಸ ಮುಗಿದಿತ್ತು. ಹಲ್ಲಿನಿಂದ ದಾರ ಕಡಿದು, ಅವಳ ಹೆಬ್ಬೆರಳಿನ ಪಟ್ಟಿ ನೋಡಿ, "ಇಷ್ಟ್ಯಾಕ ನೋವು ತಿಂತಿ ಅವ್ವಿ?" ಎಂದಿರಿ.

"ಡ್ಯಾನ್ಸ್ ಬಿಟ್ರೆ ಇನ್ನೂ ಜಾಸ್ತಿ ನೋವಾಗುತ್ತೆ ಆಂಟಿ" ಅಂದಳು. ನನಗೇ ಇದು ಹೊಸ ಸುದ್ದಿ!

ಘಾಟ್ಕೋಪರ್‌ನಲ್ಲಿ ನೀವು ಇಳಿದುಹೋದಿರಿ. ರಿಬ್ಬನ್ ಕೊನೆಯವರೆಗೂ ಅಲುಗಲಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕಾ. ನಿಮ್ಮ ಸೂಜಿ ನಮ್ಮ ಚೀಲದಲ್ಲೇ ಉಳಿದಿದೆ.