ಎಲ್ಲ ಪಟ್ಟಿಗೂ ನಿನ್ನ ಹೆಸರು ಬೇಡ, ಆಶಾ

ಪ್ರೀತಿಯ ಆಶಾ,

ನಿನ್ನ ಮೆಸೇಜು ಓದಿದೆ. ಫೋನಿನಲ್ಲಿ ಮಾತಾಡೋಣ ಅಂದರೆ ನಡುವೆ ಮಕ್ಕಳು ಕೂಗುತ್ತಾರೆ, ಮಾತು ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬಿಡುವಾದಾಗ ಓದು.

ಯೂಟಾದ ಲೀಹೈಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ನಮ್ಮ ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಸಭೆಯ ಬಿಷಪ್ ನಿನಗೆ ಪ್ರೈಮರಿ, ಅಂದರೆ ಮಕ್ಕಳ ವಿಭಾಗದ, ಅಧ್ಯಕ್ಷೆಯ ಕಾಲಿಂಗ್ (ಸಭೆ ಒಪ್ಪಿಸುವ ಸೇವೆಯ ಜವಾಬ್ದಾರಿ) ಕೊಟ್ಟಿದ್ದಾರೆ. ಅದರ ಮೇಲೆ ಮಕ್ಕಳ ಶಾಲೆಯ ಪೋಷಕರ ಸಂಘ ಪಿಟಿಎ, ಪ್ರತಿ ಶನಿವಾರ ಬಡವರಿಗೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿ, ನಮ್ಮ ಸಭೆಯ ಹೆಂಗಸರ ಸಂಘ ರಿಲೀಫ್ ಸೊಸೈಟಿಯವರು ಕಳಿಸುವ, ಕಷ್ಟದಲ್ಲಿರೋರ ಮನೆಗೆ ಅಡುಗೆ ಮಾಡಿ ಕೊಡುವ ಊಟದ ಪಟ್ಟಿ. ಎಲ್ಲಕ್ಕೂ ಹೂಂ ಅಂದಿದ್ದೀಯ. ಈಗ ಸಾಕಾಗಿದೆ, ಆದರೆ ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗಾಗುತ್ತೆ ಅಲ್ವಾ ಅಂತ ಕೇಳಿದ್ದೀಯ. ಇಲ್ಲ ಕಣೇ, ಹಾಗಾಗಲ್ಲ.

ನಿನಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬೆಂಗಳೂರಿನಲ್ಲಿ ನಾವು ಇದ್ದದ್ದೇ ನಾಲ್ಕು ಮನೆಯವರು. ಭಾನುವಾರ ಎರಡು ಬಸ್ ಬದಲಾಯಿಸಿ ಬರುವವರು, ಬಂದವರಲ್ಲೇ ಒಬ್ಬರು ಪಿಯಾನೋ, ಒಬ್ಬರು ಪಾಠ, ಇನ್ನೊಬ್ಬರು ಕುರ್ಚಿ ಹಾಕಬೇಕು. ಒಬ್ಬರು ಬರದಿದ್ದರೆ ಆ ದಿನದ ಕೆಲಸವೇ ನಿಲ್ಲುತ್ತಿತ್ತು. ನಿಮ್ಮಮ್ಮ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪಾಠ ಹೇಳುತ್ತಿದ್ದಳು. ಅಲ್ಲಿ ಬೇಡ ಅನ್ನೋ ಹಾಗೇ ಇರಲಿಲ್ಲ. ಯೂಟಾ ಹಾಗಲ್ಲ. ಇಲ್ಲಿ ಕೆಲವೇ ಬೀದಿಗಳು ಸೇರಿ ಒಂದು ವಾರ್ಡ್, ಅಂದರೆ ನಮ್ಮ ಸಭೆಯ ಒಂದು ಸ್ಥಳೀಯ ಘಟಕ, ಅಷ್ಟರಲ್ಲೇ ನೂರಾರು ಜನ. ನೀನು ಒಂದು ಪಟ್ಟಿಗೆ ಹೆಸರು ಬರೆಯದೇ ಹೋದರೆ ಸಂಜೆಯೊಳಗೆ ಇನ್ನೊಬ್ಬಳು ಬರೆದಿರುತ್ತಾಳೆ. ನೋಡು ಬೇಕಾದರೆ.

ಮೊದಲು ಬಿಷಪ್ ವಿಷಯ. ಅವರು ಸಂಬಳಕ್ಕೆ ಇರುವ ಪಾದ್ರಿ ಅಲ್ಲ, ನಮ್ಮ ಸಭೆಯಲ್ಲಿ ವಾರ್ಡಿನ ಯಾರಿಗೂ ಸಂಬಳ ಇಲ್ಲ. ವಾರವೆಲ್ಲ ತಮ್ಮ ಕೆಲಸಕ್ಕೆ ಹೋಗಿ ಬಂದು, ರಾತ್ರಿ ಜನರನ್ನು ನೋಡುವ ಮನುಷ್ಯ. ಪ್ರಾರ್ಥನೆ ಮಾಡಿಯೇ ನಿನ್ನ ಹೆಸರು ಆರಿಸಿರುತ್ತಾರೆ, ಅದನ್ನು ನಾನು ನಂಬುತ್ತೇನೆ. ಆದರೆ ನಿನ್ನ ಚಿಕ್ಕ ಮಗು ರಾತ್ರಿ ಮಲಗೋದಿಲ್ಲ, ಅಳಿಯಂದಿರಿಗೂ ಗಂಡಸರ ಗುಂಪು ಎಲ್ಡರ್ಸ್ ಕೋರಮ್‌ನಲ್ಲಿ ಜವಾಬ್ದಾರಿ ಇದೆ, ಊರಿನಿಂದ ಬಂದು ಸಹಾಯ ಮಾಡೋರು ಯಾರೂ ಇಲ್ಲ ಅನ್ನೋದು ನೀನು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಇಬ್ಬರೂ ಹೋಗಿ ಕೂತು ಹೇಳಿ. ಅದು ನಂಬಿಕೆ ಕಡಿಮೆ ಅಂತಲ್ಲ. ಅವರು ಕೇಳಿಸಿಕೊಂಡ ಮೇಲೂ ಕಾಲಿಂಗ್ ನಿನಗೇ ಇರಲಿ ಅಂದರೆ ಮಾಡು. ನನ್ನ ಮನಸ್ಸು ಕೇಳಿದರೆ, ಪ್ರೈಮರಿ ಬಿಡಬೇಡ. ನಿನಗೆ ಮಕ್ಕಳೆಂದರೆ ಪ್ರಾಣ.

ಆದರೆ ಒಂದು ಮಾತು ಯಾರೂ ನಿನಗೆ ಹೇಳಿರಲ್ಲ. ಭಾನುವಾರ ಸಭೆ 2019ರಿಂದ ಎರಡು ಗಂಟೆಗೆ ಇಳಿದಿದೆ. ಎಲ್ಲರೂ ಸೇರುವ ಆರಾಧನೆಯಾದ ಸ್ಯಾಕ್ರಮೆಂಟ್ ಮೀಟಿಂಗ್‌ನ ಒಂದು ಗಂಟೆ ನೀನು ಮಕ್ಕಳಿಗೆ ಚೀರಿಯೋಸ್ ಕೊಟ್ಟು, ಬೆಂಚಿನ ಕೆಳಗೆ ಬಿದ್ದ ಕ್ರೇಯಾನ್ ಹೆಕ್ಕಿ, ಅಳೋ ಮಗುವನ್ನು ಹೊರಗೆ ಎತ್ತಿಕೊಂಡು ಹೋಗಿ ಕಳೆಯುತ್ತೀಯ. ಎರಡನೇ ಗಂಟೆ ಪ್ರೈಮರಿ. ಅಂದರೆ ರಿಲೀಫ್ ಸೊಸೈಟಿಯಲ್ಲಿ ಹೆಂಗಸರ ಜೊತೆ ಕೂರೋಕೆ ನಿನಗೆ ಒಂದು ಭಾನುವಾರವೂ ಸಿಗಲ್ಲ. ಹೊಸ ಊರು, ವಾರ್ಡಿನಲ್ಲಿ ಸ್ನೇಹಿತೆಯರಿಲ್ಲ, ಇದ್ದ ಒಂದು ಗಂಟೆಯೂ ಹೋಯಿತು. ನಿನಗೆ ಆಯಾಸಕ್ಕಿಂತ ಒಂಟಿತನವೇ ಜಾಸ್ತಿ ಅಂತ ನನಗನ್ನಿಸುತ್ತೆ. ಅದಕ್ಕೆ ವಾರದ ದಿನಗಳಲ್ಲಿ ರಿಲೀಫ್ ಸೊಸೈಟಿಯ ಕೂಟ ಏನಾದರೂ ಇದ್ದರೆ ಅದಕ್ಕೆ ತಪ್ಪಿಸದೆ ಹೋಗು, ಅಲ್ಲಿ ಯಾವ ಕೆಲಸಕ್ಕೂ ಕೈ ಹಾಕದೆ ಸುಮ್ನೆ ಕೂತು ಬಾ.

ಇನ್ನು ಪ್ರೈಮರಿ ಕೆಲಸ. ನಿನಗೆ ಕೌನ್ಸೆಲರ್ ಅಂತ ಇಬ್ಬರು ಸಹಾಯಕಿಯರು, ಒಬ್ಬ ಸೆಕ್ರೆಟರಿ ಇದ್ದಾರೆ. ಅವರಿಗೆ ಕೆಲಸ ಕೊಡು. ನರ್ಸರಿ ಒಬ್ಬಳಿಗೆ, ಶಿಕ್ಷಕರು ಬರದಿದ್ದಾಗ ಬದಲಿ ಹುಡುಕೋದು ಇನ್ನೊಬ್ಬಳಿಗೆ, ಕೊಟ್ಟ ಮೇಲೆ ಮತ್ತೆ ಹೋಗಿ ಇಣುಕಬೇಡ. ಪ್ರೈಮರಿ ಶುರುವಾದದ್ದೇ ಒಬ್ಬ ತಾಯಿಯ ಚಿಂತೆಯಿಂದ. 1878ರಲ್ಲಿ ಯೂಟಾದ ಫಾರ್ಮಿಂಗ್ಟನ್‌ನ ಆರೇಲಿಯಾ ರಾಜರ್ಸ್, ಊರಿನ ಹುಡುಗರು ಹೊತ್ತು ಮುಳುಗಿದ ಮೇಲೂ ಬೀದಿ ಸುತ್ತುತ್ತಾರೆ, ಯಾರೂ ಹೇಳೋರಿಲ್ಲ ಅಂತ ನೊಂದುಕೊಂಡು ಶುರು ಮಾಡಿದ್ದು. ಆಕೆಯೂ ಒಬ್ಬಳೇ ಮಾಡಲಿಲ್ಲ, ಊರಿನ ಹೆಂಗಸರನ್ನು ಜೊತೆಗೆ ಹಾಕಿಕೊಂಡಳು.

ಸೋಮವಾರದ ಸಂಜೆ ಮಾತ್ರ ಯಾರಿಗೂ ಕೊಡಬೇಡ. ಆ ಸಂಜೆ ಕುಟುಂಬಕ್ಕೆ ಅಂತಲೇ ವಾರ್ಡಿನಲ್ಲಿ ಏನೂ ಇಡೋದಿಲ್ಲ, ಗೊತ್ತಲ್ಲ. ದೊಡ್ಡ ಪಾಠ ಬೇಕಿಲ್ಲ. ಒಂದು ಹಾಡು, ಒಂದು ಕಥೆ, ಒಂದು ಪ್ರಾರ್ಥನೆ, ಆಮೇಲೆ ಏನಾದರೂ ಸಿಹಿ. ನಮ್ಮನೆಯಲ್ಲಿ ಅದನ್ನು ಕನ್ನಡದಲ್ಲೇ ಮಾಡುತ್ತಿದ್ದೆವು. ನನ್ನ ಮಕ್ಕಳಿಗೆ ಇವತ್ತು ಎರಡು ಮಾತು ಕನ್ನಡ ಬರುತ್ತೆ ಅಂದರೆ ಆ ಸೋಮವಾರಗಳಿಂದಲೇ.

ಈಗ ಹೊರಗಿನ ಸೇವೆ. ಇದನ್ನು ಪೂರ್ತಿ ಬಿಡು ಅಂತ ನಾನು ಹೇಳಲ್ಲ. ವಾರ್ಡಿನೊಳಗೇ ಸುತ್ತುತ್ತಿದ್ದರೆ ನಮ್ಮವರ ಕಷ್ಟ ಮಾತ್ರ ಕಣ್ಣಿಗೆ ಬೀಳುತ್ತೆ. ಆದರೆ ಒಂದೇ ಒಂದು ಆರಿಸಿಕೋ, ಅದನ್ನು ವರ್ಷಗಟ್ಟಲೆ ಮಾಡು. 1876ರಲ್ಲಿ ನಮ್ಮ ರಿಲೀಫ್ ಸೊಸೈಟಿ ಹೆಂಗಸರು ಗೋಧಿ ಕೂಡಿಡೋಕೆ ಶುರು ಮಾಡಿದರು. ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆಯ್ದು, ಅಷ್ಟಿಷ್ಟು ಸೇರಿಸಿ ಕಣಜ ತುಂಬಿದರು. ಮೂವತ್ತು ವರ್ಷ ಆದ ಮೇಲೆ, 1906ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪ ಆದಾಗ ಇಲ್ಲಿಂದ ಹಿಟ್ಟು ಹೋಯಿತು. ಆ ಹೆಂಗಸರೂ ನಿನ್ನ ಹಾಗೇ ಕೈತುಂಬ ಮಕ್ಕಳಿದ್ದವರು.

ನಾನು ಆರಿಸಿಕೊಂಡದ್ದು ಭೂತಾನಿನಿಂದ ಬಂದ ನಿರಾಶ್ರಿತರನ್ನು. ನೇಪಾಳಿ ಮಾತಾಡುವವರು, ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು 2008ರಿಂದ ಈಚೆಗೆ ಸಾಲ್ಟ್ ಲೇಕ್ ಕಡೆ ಬಂದವರು. ಅವರಿಗೆ ಸ್ವಲ್ಪ ಹಿಂದಿ ಬರುತ್ತೆ, ನನ್ನ ಹಿಂದಿ ನಿನಗೆ ಗೊತ್ತೇ ಇದೆ, ಅಷ್ಟರಲ್ಲೇ ಸಾಗುತ್ತೆ. ಒಂದು ಮನೆಯಲ್ಲಿ ಅಜ್ಜಿ ಬಂದ ಟಪಾಲನ್ನೆಲ್ಲ ಖಾಲಿ ಅಕ್ಕಿ ಚೀಲದಲ್ಲಿ ತುಂಬಿಟ್ಟಿದ್ದರು. ಏನನ್ನೂ ಎಸೆಯೋಕೆ ಭಯ. ನೆಲದ ಮೇಲೆ ಸುರಿದುಕೊಂಡು ಕೂತೆವು. ಕ್ರೆಡಿಟ್ ಕಾರ್ಡಿನ ಜಾಹೀರಾತು, ಪಿಜ್ಜಾ ಕೂಪನ್ನು, ಅದರ ಮಧ್ಯೆ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನ ನವೀಕರಣದ ಕಾಗದ, ಕೊನೆ ದಿನಾಂಕ ಅದೇ ವಾರ. ಎಸೆಯೋದು ಒಂದು ಗುಡ್ಡೆ, ಇಡೋದು ಒಂದು ಗುಡ್ಡೆ. ಅಜ್ಜಿಗೆ ಬೇಕಿದ್ದದ್ದು ಕಂಬಳಿಯಲ್ಲ, ಊಟವೂ ಅಲ್ಲ, ಕಾಗದ ಓದಿ ಹೇಳುವ ಒಬ್ಬರು. ಪಟ್ಟಿ ನೋಡಿಕೊಂಡು ಹೋಗಿದ್ದರೆ ನಾನೂ ಕಂಬಳಿಯೇ ಒಯ್ಯುತ್ತಿದ್ದೆ.

ಅವರನ್ನು ನಾನು ಯಾವತ್ತೂ ಚರ್ಚಿಗೆ ಕರೆದಿಲ್ಲ. ಅವರಾಗಿ ಕೇಳಿದರೆ ನನ್ನ ನಂಬಿಕೆ ಹೇಳುತ್ತೇನೆ, ಅಷ್ಟೇ. ಕಷ್ಟದಲ್ಲಿರೋರ ಮನೆಗೆ ಹೋಗಿ ಸಹಾಯದ ಜೊತೆ ಧರ್ಮ ಹೇಳಬಾರದು. ನಾವೆಲ್ಲ ಸೇವೆಯ ಕೆಲಸ ಹುಡುಕುವ ಜಸ್ಟ್‌ಸರ್ವ್ ವೆಬ್‌ಸೈಟಿನಲ್ಲೂ ಇದೇ ನಿಯಮ. ನಿನ್ನ ಕನ್ನಡದ ಗೆಳತಿಯರ ಜೊತೆಗೂ ಹೀಗೇ ಇರು. ಸೌತ್ ಜೋರ್ಡನ್‌ನ ಗಣೇಶನ ಗುಡಿಯಲ್ಲಿ ಹಬ್ಬದ ಊಟಕ್ಕೆ ಬಡಿಸೋಕೆ ಜನ ಬೇಕು ಅಂದರೆ ಸಂಕೋಚ ಪಡದೆ ಹೋಗು. ನಾನು ಹೋಗುತ್ತೇನೆ.

ಹಾಗಾದರೆ ಏನು ಬಿಡಬೇಕು? ಪಿಟಿಎ ಈ ವರ್ಷ ಬಿಡು. ಊಟದ ಪಟ್ಟಿಯಲ್ಲಿ, ಮಿನಿಸ್ಟರಿಂಗ್‌ಗೆ, ಅಂದರೆ ಹೋಗಿ ಬಂದು ವಿಚಾರಿಸಿಕೊಳ್ಳೋಕೆ ಅಂತ ನಿನಗೆ ಒಪ್ಪಿಸಿರುವ ಮನೆಗಳಿಗೆ ಮಾತ್ರ ಮಾಡು. ಫುಡ್ ಪ್ಯಾಂಟ್ರಿ ಇಟ್ಟುಕೋ, ಆದರೆ ಪ್ರತಿ ಶನಿವಾರ ಬೇಡ, ತಿಂಗಳಿಗೆ ಎರಡು ಸಾಕು. ಮಕ್ಕಳನ್ನು ಬಿಡುತ್ತಾರಾ ಕೇಳು. ಬಿಡೋದಾದರೆ ದೊಡ್ಡವನನ್ನು ಕರೆದುಕೊಂಡು ಹೋಗು. ಡಬ್ಬಿ ಜೋಡಿಸಲಿ, ಸಾಲಿನಲ್ಲಿ ನಿಂತವರ ಮುಖ ನೋಡಲಿ.

ಇನ್ನೊಂದು. ಕಳೆದ ತಿಂಗಳು ನಿನಗೆ ಜ್ವರ ಬಂದಾಗ ಪಕ್ಕದ ಮನೆಯವರು ಊಟ ತರಲಾ ಅಂದರೆ ಬೇಡ ಅಂದೆಯಂತೆ. ಅದು ನನಗೆ ಬೇಜಾರಾಯಿತು ಆಶಾ. ಇಲ್ಲಿನ ಹೆಂಗಸರು ಬಾಗಿಲು ತಟ್ಟೋದೇ ಕೈಯಲ್ಲಿ ಪಾತ್ರೆ ಹಿಡಿದುಕೊಂಡು. ಪಾತ್ರೆ ಬೇಡ ಅಂದರೆ ಅವರು ಸ್ನೇಹವೂ ಬೇಡ ಅಂದುಕೊಂಡು ಹೋಗುತ್ತಾರೆ. ಚೀಸು, ಆಲೂಗಡ್ಡೆ, ಮೇಲೆ ಕಾರ್ನ್‌ಫ್ಲೇಕ್ಸ್ ಹಾಕಿ ಬೇಯಿಸಿದ್ದು ಬರುತ್ತೆ. ಮಕ್ಕಳು ತಿನ್ನಲ್ಲ ಅಂದರೆ ಬಾಯಿಬಿಟ್ಟು ಹೇಳು, ಬರೀ ಅನ್ನ, ಬೇಯಿಸಿದ ತರಕಾರಿ ಸಾಕು ಅಂತ. ಅವರಿಗೆ ಖುಷಿಯೇ ಆಗುತ್ತೆ. ಎಲ್ಲರಿಗೂ ಕೊಡ್ತೀನಿ, ಯಾರಿಂದಲೂ ತಗೊಳ್ಳಲ್ಲ ಅನ್ನೋದು ದೊಡ್ಡ ಗುಣ ಅಂತ ನಮ್ಮನೆ ಹೆಂಗಸರಿಗೆಲ್ಲ ಒಂದು ಭ್ರಮೆ. ನಿಮ್ಮಮ್ಮನಿಗೂ ಇತ್ತು. ನೀನು ಅದನ್ನು ಮುಂದುವರಿಸಬೇಡ.

ಪ್ಯಾಂಟ್ರಿಯವರಿಗೆ ಇವತ್ತೇ ತಿಳಿಸು, ಬದಲಿ ಜನ ನೋಡಿಕೊಳ್ಳಬೇಕಲ್ಲ. ಮುಂದಿನ ಉಪವಾಸದ ಭಾನುವಾರ ಸಭೆ ಮುಗಿಸಿ ಎಲ್ಲರೂ ನೇರ ಇಲ್ಲಿಗೆ ಬನ್ನಿ. ಸಂಜೆ ಒಟ್ಟಿಗೆ ಉಪವಾಸ ಬಿಡೋಣ. ಬಿಸಿಬೇಳೆಬಾತ್ ನಾನು ಮಾಡುತ್ತೇನೆ, ನೀನು ಏನೂ ತರಬೇಡ. ಮಕ್ಕಳನ್ನು ನಿಮ್ಮ ದೊಡ್ಡಪ್ಪ ನೋಡಿಕೊಳ್ಳುತ್ತಾರೆ, ನೀನು ಬಂದವಳೇ ಎರಡು ಗಂಟೆ ಮಲಗು.

ನಿನ್ನ
ದೊಡ್ಡಮ್ಮ