ಗುಜರಿಗೆ ತೂಗುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಆದರೆ ಎರಡು ಮಾತು ನನಗೆ ಹಿಡಿಸಲಿಲ್ಲ. ಇಂಥ ಕಾರಿನ ಎಂಜಿನ್ ಇಳಿಸುವುದು, ಅಂದರೆ ಕಾರಿನಿಂದ ಹೊರತೆಗೆಯುವುದು, ದೊಡ್ಡ ಊರಿನ ಗ್ಯಾರೇಜಿನವರಿಗೆ ಮಾತ್ರ ಆಗುವ ಕೆಲಸ ಎಂಬುದು ಒಂದು. ಬಿಡಿಭಾಗಗಳನ್ನು ವಿದೇಶದಿಂದಲೇ ತರಿಸಬೇಕು, ಅಷ್ಟು ದುಡ್ಡಿಲ್ಲದವರು ಗುಜರಿಗೆ ಕೊಡುವುದೇ ಲೇಸು ಎಂಬುದು ಇನ್ನೊಂದು. ಇದನ್ನು ನಂಬಿ ನಮ್ಮ ಕಡೆಯ ನಾಲ್ಕು ಮನೆಯವರು ಗುಜರಿಯವನಿಗೆ ಫೋನ್ ಮಾಡಿದರೆ ಏನು ಗತಿ? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವ. ತೋಟದ ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಮನೆಯಲ್ಲಿ ಸೋದರಮಾವನ ಕಾಲದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಅದು ಸ್ಪೋರ್ಟ್ಸ್ ಕಾರಾ ಎಂದು ನಗಬೇಡಿ. 1961ರಿಂದ ಮದ್ರಾಸಿನಲ್ಲಿ ತಯಾರಾದ ಈ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನೇ, ಅಂದರೆ ಅಡಿಯ ಚೌಕಟ್ಟನ್ನೇ, ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಎರಡರ ವಿನ್ಯಾಸವೂ ಇಟಲಿಯ ಜೊವಾನಿ ಮಿಕೆಲೊಟ್ಟಿಯದು. ಸ್ಪಿಟ್‌ಫೈರ್ 1980ರವರೆಗೂ ತಯಾರಾಯಿತು. ಅದನ್ನು ಇಟ್ಟುಕೊಂಡವರು ಈಗಲೂ ಬೇಕಾದಷ್ಟು ಜನ ಇರುವುದರಿಂದ ಇಂಗ್ಲೆಂಡಿನಲ್ಲಿ ಅದರ ಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಈ ನೆಂಟಸ್ತಿಕೆಯಿಂದ ಪೆರ್ಲದ ಹೆರಾಲ್ಡಿಗೂ ಲಾಭ ಉಂಟು.

ಮೊದಲು ಎಂಜಿನ್ ಇಳಿಸುವ ವಿಷಯ. ಹೆರಾಲ್ಡ್ ಮತ್ತು ಸ್ಪಿಟ್‌ಫೈರಿನಷ್ಟು ಸಲೀಸಾಗಿ ಎಂಜಿನ್ ಬಿಟ್ಟುಕೊಡುವ ಕಾರು ಕಮ್ಮಿ. ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚುತ್ತದೆ. ಲೈಟಿನ ವಯರು ಬಿಡಿಸಿ, ಕೀಲಿನ ಬೋಲ್ಟ್ ತೆಗೆದರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಗೇರ್ ಬಾಕ್ಸ್ ಬೇಕಾದರೆ ಕಾರಿನ ಅಡಿಗೆ ನುಗ್ಗುವುದೂ ಬೇಡ. ಎರಡು ಸೀಟಿನ ನಡುವಿನ ಮುಚ್ಚಳ ತೆಗೆದರೆ ಅದು ಕಾರಿನ ಒಳಗಿನಿಂದಲೇ ಬರುತ್ತದೆ.

ಬ್ಯಾಟರಿಯ ವಯರು ಎಲ್ಲಕ್ಕಿಂತ ಮೊದಲು ಕಳಚಬೇಕು. ಆಮೇಲೆ ನೀರು, ಆಯಿಲ್, ರೇಡಿಯೇಟರ್. ಪೆಟ್ರೋಲ್ ಪೈಪಿನ ಬಾಯಿಗೆ ಬಿರಡೆ ಹಾಕಿ, ಅಲ್ಲಿ ಬೀಡಿ ಸೇದುವವರನ್ನು ಅಂಗಳದಿಂದಲೇ ಆಚೆ ಕಳಿಸಿ. ಸೈಲೆನ್ಸರ್ ಪೈಪಿನ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿರಬೇಕು. ಪ್ರತಿ ವಯರಿಗೂ ಟೇಪು ಸುತ್ತಿ ಹೆಸರು ಬರೆಯಿರಿ. ಮೊಬೈಲಿನಲ್ಲಿ ಫೋಟೋ ಇದೆಯಲ್ವಾ ಎಂದು ಇದನ್ನು ಬಿಡಬೇಡಿ. ಐವತ್ತು ವರ್ಷ ಹಳೆಯ ವಯರುಗಳ ಬಣ್ಣ ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ.

ಸ್ಪ್ಯಾನರ್ ವಿಷಯಕ್ಕೆ ಬರುತ್ತೇನೆ. ಇದು ಇಂಚಿನ ಕಾರು, ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಅದಕ್ಕೆ ಕೂತ ಹಾಗೆ ಕಾಣುತ್ತದೆ, ಜೋರು ಹಾಕಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. 7/16, 1/2, 9/16 ಇಂಚಿನ ಒಳ್ಳೆಯ ರಿಂಗ್ ಸ್ಪ್ಯಾನರುಗಳಿದ್ದರೆ ಹೆಚ್ಚಿನ ಕೆಲಸ ಆಗುತ್ತದೆ.

ಬಾವಿಯ ಪಂಪು ಎತ್ತುವ ಒಂದು ಟನ್ನಿನ ಚೈನ್ ಪುಲ್ಲಿ ನಮ್ಮ ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಎಂಜಿನ್ ಬೀಡು ಕಬ್ಬಿಣದ್ದು, ನೂರು ಕಿಲೋಗಿಂತ ಜಾಸ್ತಿ. ಚೈನನ್ನು ಹಂಚಿನ ಮಾಡಿನ ಮರದ ಪಕ್ಕಾಸಿಗೆ ಕಟ್ಟಲೇಬೇಡಿ. ಪಂಪಿಗೆ ನಿಲ್ಲಿಸುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡೇ ಸಾಕು, ಕಾಲುಗಳು ಅಗಲವಾಗಿ ಜಾರದಂತೆ ಕೆಳಗೆ ಒಂದಕ್ಕೊಂದು ಬಿಗಿದಿರಬೇಕು. ಗೇರ್ ಬಾಕ್ಸಿನ ಅಡಿಗೆ ಮರದ ತುಂಡು ಇಟ್ಟು ಜಾಕ್ ಕೊಡಿ. ಎಂಜಿನ್ ಮೊದಲು ಮುಂದಕ್ಕೆ ಬರಬೇಕು, ಮೇಲಕ್ಕೆ ಆಮೇಲೆ. ಗೇರ್ ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವ ಮೊದಲೇ ಎತ್ತಿದರೆ ಪ್ಲೇಟು ಡೊಂಕಾಗುತ್ತದೆ. ಎಂಜಿನ್ ಮೇಲೆದ್ದ ಮೇಲೆ ಸ್ಟ್ಯಾಂಡನ್ನು ಎಳೆದಾಡಬೇಡಿ, ಕಾರನ್ನೇ ಹಿಂದಕ್ಕೆ ತಳ್ಳಿ. ಎಂಜಿನ್ ನೇತಾಡುತ್ತಿರುವಾಗ ಅದರ ಅಡಿಗೆ ಕೈ ಹಾಕುವವನಿಗೆ ನಾನು ಬೈಯುತ್ತೇನೆ, ಅಳಿಯನಾದರೂ ಸರಿ. ಈ ಕೆಲಸವನ್ನು ನಾನೂ ಅಳಿಯನೂ ಸೇರಿ ಮನೆ ಅಂಗಳದಲ್ಲೇ ಮಾಡಿದೆವು.

ಇಳಿಸುವ ಮೊದಲೇ ಒಂದು ಪರೀಕ್ಷೆ ಉಂಟು. ಒಬ್ಬರು ಕ್ಲಚ್ ತುಳಿಯಬೇಕು, ಇನ್ನೊಬ್ಬರು ಎಂಜಿನ್ ಮುಂದಿನ ಬೆಲ್ಟಿನ ಪುಲ್ಲಿ ನೋಡಬೇಕು. ಪುಲ್ಲಿ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿದರೆ ಥ್ರಸ್ಟ್ ವಾಷರ್, ಅಂದರೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕು ಹಿಂದೆ ಮುಂದೆ ಜಾರದಂತೆ ತಡೆಯುವ ಬಿಲ್ಲೆ, ಸವೆದಿದೆ ಎಂದು ಅರ್ಥ. ಟ್ರಯಂಫಿನ ಈ ಸಣ್ಣ ಎಂಜಿನ್ನುಗಳ ದೊಡ್ಡ ದೋಷ ಇದೇ. ವಾಷರ್ ಕಳಚಿ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಬಿದ್ದರೆ ಕ್ರ್ಯಾಂಕೂ ಬ್ಲಾಕೂ ಎರಡೂ ಹೋದ ಹಾಗೆ.

ಇನ್ನು ಬಿಡಿಭಾಗ. "ಮಾವ, ಇದನ್ನೆಲ್ಲ ಲಂಡನ್ನಿಂದ ತರಿಸಬೇಕಾ?" ಎಂದು ಅಳಿಯ ಕೇಳಿದ್ದ. ಬೇಡ ಮಾರಾಯ. ಬೇರಿಂಗಿನ ಮೇಲೆ ನಂಬರು ಇದೆ, ಆಯಿಲ್ ಸೀಲಿಗೆ ಅಳತೆ ಇದೆ. ಅದನ್ನು ಹಿಡಿದುಕೊಂಡು ಮಂಗಳೂರಿನ ಯಾವ ಬೇರಿಂಗ್ ಅಂಗಡಿಗೂ ಹೋಗಬಹುದು. ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸಬಹುದು. ನಮ್ಮ ಹೆರಾಲ್ಡಿನ 948 ಸಿಸಿ ಎಂಜಿನ್ನೇ ಸ್ಟ್ಯಾಂಡರ್ಡ್ ಟೆನ್ ಕಾರಿನಲ್ಲೂ ಇತ್ತು, ಅದೂ ಮದ್ರಾಸಿನಲ್ಲೇ ಆದದ್ದು. ಹಾಗಾಗಿ ಚೆನ್ನೈಯ ಪುದುಪೇಟೆಯ ಹಳೆ ಸಾಮಾನಿನ ಬೀದಿಯಲ್ಲಿ ಹೆರಾಲ್ಡ್ ಎಂದು ಮಾತ್ರ ಕೇಳಬೇಡಿ, ಟೆನ್ ಎಂದೂ ಕೇಳಿ. ಕೇಳುವಾಗ ಹಳೆ ಭಾಗ ಕೈಯಲ್ಲಿರಲಿ. ಬಾಯಲ್ಲಿ ವರ್ಣಿಸಿದರೆ ಅವರು ಕೊಟ್ಟದ್ದೇ ಭಾಗ, ಹೇಳಿದ್ದೇ ರೇಟು!

ಸ್ಪಿಟ್‌ಫೈರಿನದ್ದು ಎಲ್ಲವೂ ಹೊಂದುತ್ತದೆ ಎಂದುಕೊಳ್ಳಬೇಡಿ. ಮೊದಲ ಸ್ಪಿಟ್‌ಫೈರ್ 1147 ಸಿಸಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಎರಡಕ್ಕೂ 76 ಮಿಲಿಮೀಟರ್, ಆದರೆ ಬೋರ್, ಅಂದರೆ ಸಿಲಿಂಡರಿನ ಅಗಲ, ನಮ್ಮದು 63, ಅದರದು 69.3. ಪಿಸ್ಟನ್ ತರಿಸಿದರೆ ದುಡ್ಡು ನೀರಿಗೆ. ಮುಂದಿನ ಸಸ್ಪೆನ್ಷನ್, ಸ್ಟಿಯರಿಂಗ್ ಕಡೆಯ ಭಾಗಗಳಲ್ಲಿ ಹೊಂದಾಣಿಕೆ ಜಾಸ್ತಿ. ತರಿಸುವ ಮೊದಲು ಪಾರ್ಟ್ ನಂಬರ್ ತಾಳೆ ನೋಡಿ. ಕೊರಿಯರ್ ಮತ್ತು ಕಸ್ಟಮ್ಸ್ ಸೇರಿ ಬಿಲ್ಲು ಭಾಗದ ಬೆಲೆಯನ್ನೇ ಮೀರುವುದುಂಟು.

ಹೊಸದಾಗಿ ಯಾರೂ ಎರಕ ಹೊಯ್ಯದೆ ಇರುವುದು ನಮ್ಮ ಎಂಜಿನ್ ಬ್ಲಾಕ್, ಹೆಡ್, ಗೇರ್ ಬಾಕ್ಸಿನ ಹೊರಕವಚ. ಗುಜರಿಯವನು ಸುತ್ತಿಗೆಯಿಂದ ಮೊದಲು ಒಡೆಯುವುದೂ ಇವನ್ನೇ, ಯಾಕೆಂದರೆ ತೂಕ ಇರುವುದು ಅವುಗಳಲ್ಲಿ. ನಮ್ಮ ಕಡೆಯ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಸುಮ್ನೆ ಜಾಗ ಖಾಲಿಯಾಗಲಿ ಎಂದು ಇಂಥದ್ದೇ ಒಂದು ಎಂಜಿನನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರು. ನಾನು ಹೋಗುವಷ್ಟರಲ್ಲಿ ಬ್ಲಾಕು ಮೂರು ತುಂಡು. ಮಾರಿದ್ದು ತಪ್ಪಲ್ಲ, ಮನೆಯವರಿಗೂ ದುಡ್ಡು ಬೇಕು. ಆದರೆ ಇಡಿಯಾಗಿ ಮಾರಿದ್ದರೆ ಅವರಿಗೇ ಜಾಸ್ತಿ ಸಿಗುತ್ತಿತ್ತು.

ಇನ್ನೊಂದು ಚಾಳಿ, ಮೂಲ ಎಂಜಿನ್ ಕಿತ್ತು ಯಾವುದೋ ಡೀಸೆಲ್ ಎಂಜಿನ್ ಕೂರಿಸುವುದು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಕಾರುಗಳಿಗೆಂದು ತಂದ ನಿಯಮ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ, ಅದು ಹತ್ತು ವರ್ಷಕ್ಕೆ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ದಿನಾ ಓಡಿಸುವುದಕ್ಕೂ ಬಿಡುವುದಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಮಾತ್ರ. ಪೇಟೆಗೆ ಹೋಗಿ ಬರುವ ಆಸೆಯಿದ್ದವರಿಗೆ ಐದೈದು ವರ್ಷದ ಮಾಮೂಲಿ ನವೀಕರಣವೇ ವಾಸಿ. ಭಾಗಕ್ಕೆಂದು ರಾಜ್ಯದ ಗಡಿಯಾದ ತಲಪಾಡಿಯ ಆಚೆಯಿಂದ ಇನ್ನೊಂದು ಕಾರು ತರುವ ಗಡಿನಾಡಿನವರು ಅದರ ಆರ್‌ಸಿಯನ್ನು ಮರೆಯಬಾರದು. ಬಿಚ್ಚಿ ಹಾಕಿದ ಕಾರಿನ ನೋಂದಣಿಯನ್ನು ರದ್ದು ಮಾಡಿಸಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಗುಜರಿಗೆ ಕೊಡಿ ಎಂಬ ಆ ಸಲಹೆಗೆ ಒಂದು ತಿದ್ದುಪಡಿ ಹಾಕಿ. ಓದುಗರಿಗೂ ಒಂದು ಮಾತು. ಶೆಡ್ಡಿನಲ್ಲಿ ಸ್ಟ್ಯಾಂಡರ್ಡ್ ಕಾರಿನ ಎಂಜಿನ್ ಇದ್ದರೆ ನಂಬರು ಬರೆದಿಟ್ಟು, ಒಡೆಯದೆ, ಇಡಿಯಾಗಿ ಮಾರಿ. ಗಿರಾಕಿ ಬರುವವರೆಗೆ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಮತ್ತೆ ಹಾಕಿ, ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ನಮ್ಮ ಕಡೆಯ ಮಳೆಗಾಲಕ್ಕೆ ಅಷ್ಟಾದರೂ ಬೇಕು.

ಇಂತಿ,
ಪೆರ್ಲದ ಒಬ್ಬ ಓದುಗ